ಶುಕ್ರವಾರದ ಕಡೆಯ ಮನೆ

ಸೆಂಗಾ ರೆನ್ನಿ ಬಾಗಿಲು ತೆರೆದಾಗ ಮೈಮೇಲೆ ದಪ್ಪನೆಯ ಕೋಟು ಇತ್ತು. ಎಲ್ಲಿಗೋ ಹೊರಟಿದ್ದಾರೆ, ನಾನೇ ತಡ ಮಾಡಿಕೊಂಡು ಬಂದೆನೇನೋ ಎಂದುಕೊಂಡೆ.

"ಹೊರಗೆ ಹೊರಟಿದ್ರಾ, ಮಿಸೆಸ್ ರೆನ್ನಿ? ಒಂಬತ್ತು ಗಂಟೆಗೆ ಬರ್ತೀವಿ ಅಂತ ಆಫೀಸಿನೋರು ಹೇಳಿದ್ರಲ್ಲ?"

"ಎಲ್ಲಿಗೂ ಇಲ್ಲ ಮಗಾ, ಮನೇಲಿ ನಾನು ಹೀಗೇ ಇರೋದು," ಎಂದರು. "ಬಾ ಒಳಗೆ. ನೀನೂ ಕೋಟು ಬಿಚ್ಚೋಕೆ ಹೋಗ್ಬೇಡ."

ಅವರಿಗೆ ಎಂಬತ್ತೊಂದು. ಕುಳ್ಳಗೆ, ಚುರುಕಾಗಿದ್ದರು. ಮಾತು ಮುಗಿಯುವ ಮೊದಲೇ ಅಡುಗೆಮನೆಗೆ ಹೋಗಿ ಕೆಟಲ್ ಹಚ್ಚಿದರು. ಕಿಟಕಿಯ ಗಾಜಿನ ಒಳಮೈಯಲ್ಲೇ ನೀರು ಇಳಿಯುತ್ತಿತ್ತು. ಸೋಫಾದ ಮೇಲೆ ಮೂರು ಕಂಬಳಿ ಮಡಿಸಿಟ್ಟಿತ್ತು.

ಕಿಲ್‌ಬ್ರೇ ಎಂಬ ಗ್ಲಾಸ್ಗೋ ಬಳಿಯ ನಮ್ಮ ಊರಿನ ಗುಡ್ಡದ ಮೇಲಿರುವ ಆ ನಾಲ್ಕು ಮಹಡಿಯ ಕಟ್ಟಡಗಳನ್ನು ಕಟ್ಟಿಸಿದ್ದು ಪುರಸಭೆ. ಮುಂದೆ ಬಾಡಿಗೆಗಿದ್ದವರಿಗೇ ಅವನ್ನು ಮಾರಿತು. ರೆನ್ನಿ ದಂಪತಿ ತಮ್ಮ ಮೂರನೆಯ ಮಹಡಿಯ ಮನೆಯನ್ನು ೧೯೮೯ರಲ್ಲಿ ಕೊಂಡರು. ಆ ಮನೆಗಳ ಹಳೆಯ ಹೀಟರುಗಳನ್ನೂ ಅವುಗಳ ಕಂಟ್ರೋಲ್ ಪೆಟ್ಟಿಗೆಗಳನ್ನೂ ಕಿತ್ತು ಹೊಸದು ಹಾಕುವುದೇ ಎರಡು ವರ್ಷದಿಂದ ನನ್ನ ಕೆಲಸವಾಗಿತ್ತು. ಹಳೆಯ ಪೆಟ್ಟಿಗೆಗಳಿಗೆ ಅಗ್ಗದ ಕರೆಂಟಿನ ಹೊತ್ತು ತಿಳಿಸುತ್ತಿದ್ದ ರೇಡಿಯೋ ಸಂಕೇತವನ್ನೇ ನಿಲ್ಲಿಸುತ್ತಾರೆಂದು ಸುದ್ದಿಯಾದ ಮೇಲೆ ಎಲ್ಲರಿಗೂ ಅವಸರ. ನನಗೆ ಅರವತ್ಮೂರು. ಬೇಸಿಗೆಗೆ ನಿವೃತ್ತಿ. ಹೆಸರು ರಾನಿ ಗಿಲ್‌ಕ್ರಿಸ್ಟ್.

"ಮೊದಲೇ ಹೇಳಿಬಿಡ್ತೀನಿ," ಸೆಂಗಾ ಚಹಾ ತಂದಿಟ್ಟರು. "ಹೀಟರ್ ಕೆಟ್ಟಿಲ್ಲ. ನನಗೇ ಅದನ್ನ ನಡೆಸೋಕೆ ಬರ್ಲಿಲ್ಲ. ನಾಲ್ಕು ಸಲ ಪುಸ್ತಕ ಓದಿದೆ. ನಮ್ಮ ಹ್ಯೂಯಿ ಗುಂಡಿ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಹಾಕ್ಕೊಟ್ಟ. ಆದ್ರೂ ಬರ್ಲಿಲ್ಲ."

"ಹಳೇ ಸಾಮಾನು, ಮಿಸೆಸ್ ರೆನ್ನಿ. ಯಾರಿಗೂ ಸುಲಭ ಇರ್ಲಿಲ್ಲ."

"ಕೆಳಗಿನ ಮನೆ ಜೆಸ್ಸಿಗೆ ಬರ್ತಿತ್ತು ನೋಡು. ಡಿಸೆಂಬರ್‌ನಲ್ಲೂ ತೋಳಿಲ್ಲದ ಅಂಗಿ ಹಾಕ್ಕೊಂಡು ಓಡಾಡೋಳು. ಅವಳು ಶಾಲೆ ಮೆಟ್ಟಿಲು ಹತ್ತಿದ್ದೇ ಕಮ್ಮಿ."

ಅವರು ನಕ್ಕರು. ನಾನೂ ನಕ್ಕೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆ ಬೀದಿಯಲ್ಲಿ ಹಿಂದೆ ಕೆಲಸ ಮಾಡಿದ್ದೆನೆಂಬುದು ಗೊತ್ತಿತ್ತು. ಆದರೆ ಕಿಲ್‌ಬ್ರೇಯ ಯಾವ ಬೀದಿಯಲ್ಲಿ ನಾನು ಕೆಲಸ ಮಾಡಿಲ್ಲ?

ನಾನು ಹೀಟರಿನ ಮುಂಭಾಗ ಬಿಚ್ಚುತ್ತಿದ್ದಾಗ ಅವರು ಸೋಫಾದಲ್ಲಿ ಕುಳಿತು ಹೇಳುತ್ತಾ ಹೋದರು. ಹ್ಯೂಯಿ ಅವರ ಗಂಡ. ಹಡಗುಕಟ್ಟೆಯಲ್ಲಿ ಕಬ್ಬಿಣದ ತಗಡು ಜೋಡಿಸುವ ಕೆಲಸ. ದಿನವಿಡೀ ನದಿಯ ಗಾಳಿಯಲ್ಲಿ ನಿಂತು ಮನೆಗೆ ಬಂದರೆ ಮನೆಯೂ ತಣ್ಣಗೆ. ಬೆಳಗ್ಗೆ ಎಂಟಕ್ಕೆ ಹೀಟರ್ ಉಗುರು ಬೆಚ್ಚಗಿರುತ್ತಿತ್ತು. ಹತ್ತಕ್ಕೆ ಮುಟ್ಟಿದರೆ ಕಲ್ಲು. ಪುರಸಭೆಗೆ ಹೇಳಿದಾಗ ಒಬ್ಬ ಬಂದು ಹೀಟರಿನ ದೀಪ ಉರಿಯುತ್ತಿದೆಯೆಂದು ನೋಡಿ, ಸೆಂಗಾ ಕೈಗೆ ಇನ್ನೊಂದು ಪುಸ್ತಕ ಕೊಟ್ಟು ಹೋದ. ಮನೆ ಕೊಂಡ ಮೇಲೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

"ಹ್ಯೂಯಿ ಅಕ್ಕ ನೆಟ್ಟಾ ಒಂದು ಸಲ ಕ್ರಿಸ್ಮಸ್ ಊಟಕ್ಕೆ ಬಂದ್ಲು," ಎಂದರು. "ಮೇಜಿನ ಮುಂದೆ ಕೋಟು, ಕೈಗವುಸು ಎಲ್ಲಾ ಹಾಕ್ಕೊಂಡೇ ಕೂತ್ಲು. ಎಲ್ರ ಮುಂದೇನೇ ಅಂದ್ಲು, 'ನಮ್ಮ ಹ್ಯೂಯಿ ಕಟ್ಕೊಂಡಿರೋಳಿಗೆ ಒಂದು ಮನೆ ಬೆಚ್ಚಗಿಡೋಕೂ ಬರಲ್ಲ' ಅಂತ. ಅವತ್ತಿಂದ ನಾನು ಯಾರನ್ನೂ ಮನೆಗೆ ಕರೀಲಿಲ್ಲ."

"ಬೇರೆ ಹೀಟರ್ ಇಟ್ಕೋಬಹುದಿತ್ತಲ್ಲ?"

"ಇಟ್ಟಿದ್ದೆ. ಬಿಲ್ಲು ಬಂದ ದಿನ ಹ್ಯೂಯಿ ಮನೆ ಹಾರಿಹೋಗೋ ಹಾಗೆ ಕೂಗಾಡ್ದ. ಗೋಡೆಗೇ ಇರೋ ಹೀಟರ್ ಬಿಟ್ಟು ಇದ್ಯಾಕೆ ಅಂತ."

ನಂತರ ಹ್ಯೂಯಿಯ ಕೊನೆಯ ಚಳಿಗಾಲದ ಸಂಗತಿ ಹೇಳಿದರು. ಹನ್ನೊಂದು ವರ್ಷದ ಹಿಂದೆ, ಹಡಗುಕಟ್ಟೆಯ ಧೂಳು ಅವರ ಎದೆಯಲ್ಲಿ ಕೂತು ಉಸಿರಾಟ ಕಷ್ಟವಾಗಿತ್ತು. ಬೆಚ್ಚಗಿಟ್ಟು ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ನೆಟ್ಟಾ ಬಂದು ತಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಆಕೆಯ ಮನೆಯಲ್ಲಿ ಇನ್ನೊಂದೇ ಮಂಚ ಹಾಕುವಷ್ಟು ಜಾಗ. ಸೆಂಗಾ ದಿನಾ ಎರಡು ಬಸ್ಸು ಬದಲಿಸಿ ಹೋಗಿ ಗಂಡನನ್ನು ನೋಡಿ ಬರುತ್ತಿದ್ದರು.

"ಆಸ್ಪತ್ರೇಲಿರೋರನ್ನ ನೋಡೋಕೆ ಹೋದ ಹಾಗೆ," ಎಂದರು. "ನನ್ನ ಗಂಡನ್ನ. ಅಲ್ಲೇ ಹೋಗಿಬಿಟ್ಟ. ನಾನು ಬಸ್‌ಸ್ಟಾಪಿನಲ್ಲಿದ್ದೆ."

ಸ್ಕ್ರೂಡ್ರೈವರ್ ಹಿಡಿದು ಎದ್ದೆ. "ಕಂಟ್ರೋಲ್ ಪೆಟ್ಟಿಗೆ ಎಲ್ಲಿದೆ?" ಎಂದು ಕೇಳಿದೆ.

ಪೆಟ್ಟಿಗೆ ಇದ್ದದ್ದು ಬಿಸಿನೀರಿನ ಟ್ಯಾಂಕಿನ ಪಕ್ಕ, ಗೋಡೆಯೊಳಗಿನ ಬೀರುವಿನಲ್ಲಿ. ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ಜಾಗ. ಟವೆಲು, ಹಾಸಿಗೆ ಬಟ್ಟೆ ಅಲ್ಲೇ ಒಟ್ಟಿದ್ದರು. ಅವನ್ನೆಲ್ಲ ತೆಗೆದಿಟ್ಟು ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ.

ಆ ಹೀಟರುಗಳ ಒಳಗೆ ಇಟ್ಟಿಗೆ ಜೋಡಿಸಿರುತ್ತದೆ. ಕರೆಂಟು ಅಗ್ಗವಿರುವ ರಾತ್ರಿ ಹೊತ್ತಿನಲ್ಲಿ ಇಟ್ಟಿಗೆ ಕಾಯುತ್ತದೆ, ಹಗಲೆಲ್ಲ ಆ ಕಾವನ್ನು ಮನೆಗೆ ಬಿಡುತ್ತದೆ. ಎಷ್ಟು ಕಾಯಿಸಬೇಕೆಂದು ತೀರ್ಮಾನಿಸುವುದು ಈ ಪೆಟ್ಟಿಗೆ. ಹೊರಗಿನ ಚಳಿ ಪೆಟ್ಟಿಗೆಗೆ ತಿಳಿಯಲೆಂದು ಉದ್ದನೆಯ ತಂತಿಯ ತುದಿಯಲ್ಲಿ ಹೆಬ್ಬೆರಳಿನಷ್ಟು ಸೆನ್ಸರ್ ಇರುತ್ತದೆ. ಗೋಡೆ ಕೊರೆದು ತಂತಿಯನ್ನು ಆಚೆ ತೆಗೆದು, ಸೆನ್ಸರನ್ನು ಹೊರಗೋಡೆಗೆ ಕೂರಿಸಬೇಕು. ಹೊರಗೆ ಚಳಿ ಹೆಚ್ಚಿದಷ್ಟೂ ಪೆಟ್ಟಿಗೆ ಹೆಚ್ಚು ಕಾಯಿಸುತ್ತದೆ. ಬೆಚ್ಚಗಿದ್ದರೆ ಬೇಡವೆಂದು ಬಿಟ್ಟುಬಿಡುತ್ತದೆ.

ತಂತಿಯುದ್ದಕ್ಕೂ ಕೈಯಾಡಿಸುತ್ತಾ ಹೋದೆ. ಅದು ಹೊರಗೋಡೆಯ ಕಡೆ ಹೋಗಲೇ ಇಲ್ಲ. ಟ್ಯಾಂಕಿನ ಹಿಂದೆ ಸುರುಳಿ ಸುತ್ತಿ, ಹಸಿರು ಟೇಪಿನಿಂದ ಕಟ್ಟಿ ಇಟ್ಟಿದ್ದರು. ಸೆನ್ಸರ್ ಬಿಸಿ ಟ್ಯಾಂಕಿಗೆ ಒರಗಿಕೊಂಡಿತ್ತು. ಸುಮಾರು ನಲವತ್ತು ವರ್ಷ, ಒಂದೊಂದು ರಾತ್ರಿಯೂ ಅದು ಪೆಟ್ಟಿಗೆಗೆ ಹೊರಗೆ ಸುಡುಬೇಸಿಗೆಯೆಂದೇ ಹೇಳಿತ್ತು. ಸೆಂಗಾ ಗುಂಡಿಯನ್ನು ಯಾವ ಕಡೆ ತಿರುಗಿಸಿದರೂ ಅಷ್ಟೇ.

ಯಾವನೋ ಕತ್ತೆ ಮಾಡಿದ ಕೆಲಸ ಎಂದು ಬೈಯಲು ಬಾಯಿ ತೆರೆದೆ. ಮುಚ್ಚಳದ ಒಳಮೈ ಕಣ್ಣಿಗೆ ಬಿತ್ತು. ಪೆನ್ಸಿಲಿನಲ್ಲಿ ಬರೆದಿತ್ತು. ಆರ್. ಜಿ. ೧೪-೨-೮೬.

ಅಕ್ಷರ ನನ್ನದೇ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮನೆಯಲ್ಲಿ ಅದನ್ನು ಮರೆಯಲು ಯಾರೂ ಬಿಡುವುದಿಲ್ಲ. ಪ್ರೇಮಿಗಳ ದಿನ, ಶುಕ್ರವಾರ. ಸಂಜೆ ಆರಕ್ಕೆ ಗ್ಲಾಸ್ಗೋದ ಒಂದು ಹೋಟೆಲಿನಲ್ಲಿ ಐಲೀನ್, ಮುಂದೆ ನನ್ನ ಹೆಂಡತಿಯಾದವಳು, ಕಾಯುತ್ತಿರುತ್ತಾಳೆ, ಜೇಬಿನಲ್ಲಿ ಉಂಗುರವಿದೆ. ಬೆಳಗ್ಗಿನಿಂದ ಮೂರು ಮನೆ ಮುಗಿಸಿದ್ದೆ. ಇದು ನಾಲ್ಕನೆಯದು. ಹೊರಗೆ ಹಿಮ ಬೆರೆತ ಮಳೆ ರಾಚುತ್ತಿತ್ತು. ಸೆನ್ಸರ್ ಕೂರಿಸಬೇಕಾದರೆ ಕಾಂಕ್ರೀಟು ಗೋಡೆ ಕೊರೆಯಬೇಕು, ಮೂರನೆಯ ಮಹಡಿಯ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಬಗ್ಗಬೇಕು. ಇನ್ನೊಂದು ಗಂಟೆಯ ಕೆಲಸ. ಮನೆಯವರು ಹೊರಗಿದ್ದರು, ಬೀಗದ ಕೈ ಪುರಸಭೆಯವರು ಕೊಟ್ಟಿದ್ದರು. ಸೋಮವಾರ ಬಂದು ಮಾಡಿದರಾಯಿತೆಂದು ತಂತಿ ಸುತ್ತಿ ಟ್ಯಾಂಕಿನ ಹಿಂದೆ ತುರುಕಿ, ಕೆಲಸ ಪೂರ್ತಿಯಾಯಿತೆಂದು ಕಾಗದದಲ್ಲಿ ಗುರುತು ಹಾಕಿ ಓಡಿದೆ. ಸೋಮವಾರ ನಮ್ಮ ಮೇಸ್ತ್ರಿ ಬೇರೆ ಊರಿಗೆ ಕಳುಹಿಸಿದ. ಮರೆತುಹೋಯಿತು ಎಂದರೆ ಸುಳ್ಳಾಗುತ್ತದೆ. ಎರಡು ವಾರ ನೆನಪಿತ್ತು. ಹೇಳಿದರೆ ಮೇಸ್ತ್ರಿ ಬೈಯುತ್ತಾನೆಂದು ಸುಮ್ಮನಿದ್ದೆ. ಆಮೇಲೆ ನೆನಪಿಟ್ಟುಕೊಳ್ಳುವುದನ್ನು ಬಿಟ್ಟೆ.

"ಏನು ಮಗಾ, ಅಷ್ಟು ಹೊತ್ತು ನೋಡ್ತಿದ್ದೀಯ?" ಸೆಂಗಾ ಬೆನ್ನ ಹಿಂದೆ ಬಂದು ನಿಂತಿದ್ದರು. "ನಾನು ತಪ್ಪು ಗುಂಡಿ ತಿರುಗಿಸ್ತಿದ್ನಾ?"

ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ನಾನು ಮುಚ್ಚಳವನ್ನು ಬೋರಲು ಹಾಕಿದೆ.

"ಏನಿಲ್ಲ. ಆಗಿನ ಪೆಟ್ಟಿಗೆಗಳೇ ಹೀಗೆ. ನಡೆಸೋದು ಕಷ್ಟ."

"ಜೆಸ್ಸಿಗೆ ಕಷ್ಟ ಆಗ್ಲಿಲ್ಲ."

ನಾನು ಪೆಟ್ಟಿಗೆಯ ಸ್ಕ್ರೂ ಬಿಚ್ಚುವುದರಲ್ಲಿ ತೊಡಗಿದೆ.

"ಹಾಗಾದ್ರೆ ನನ್ನದೇ," ಎಂದರು ಅವರು ತಮಗೆ ತಾವೇ. "ಹ್ಯೂಯಿ ಹೇಳಿದ್ದೇ ಸರಿ."

ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಎಂಬತ್ತಾರರಲ್ಲಿ ಮಾಡಿದ್ದು ಇಪ್ಪತ್ನಾಲ್ಕು ವರ್ಷದವನ ಹುಡುಗಾಟವೆಂದು ಹೇಳಿಕೊಳ್ಳಬಹುದು. ಈಗ ಮಾಡಿದ್ದಕ್ಕೆ ಯಾವ ಹೆಸರಿಡಲಿ? ಮುಖ ಎತ್ತದೆ ಪೆಟ್ಟಿಗೆ ಕಿತ್ತೆ. ತಂತಿಯ ಸುರುಳಿಯನ್ನು ಗುಜರಿ ಚೀಲಕ್ಕೆ ಹಾಕದೆ ಕೋಟಿನ ಜೇಬಿಗೆ ಇಳಿಸಿದೆ, ಮುಚ್ಚಳವನ್ನು ಉಪಕರಣದ ಚೀಲದ ತಳಕ್ಕೆ ಸೇರಿಸಿದೆ. ಯಾರ ಕಣ್ಣಿಗಾದರೂ ಬಿದ್ದೀತೆಂಬ ಭಯ.

ಮಧ್ಯಾಹ್ನದ ಹೊತ್ತಿಗೆ ಹೊಸ ಹೀಟರುಗಳು ಕೂತವು. ಗುಂಡಿ ಹೇಗೆ ಒತ್ತುವುದೆಂದು ತೋರಿಸಲು ಕರೆದರೆ ಸೆಂಗಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನೀನೇ ಒತ್ತಿಟ್ಟು ಹೋಗು ಮಗಾ. ನಾನು ಮುಟ್ಟಿದ್ರೆ ಕೆಡುತ್ತೆ."

ಹೊರಡುವಾಗ ತಾವೇ ಮಾಡಿದ ಸಕ್ಕರೆ ಮಿಠಾಯಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟರು. "ನಿನ್ನಂಥೋರು ಆಗ್ಲೇ ಬಂದಿದ್ರೆ ಚೆನ್ನಾಗಿತ್ತು. ತಾಳ್ಮೆ ಇದೆ ನಿನಗೆ," ಎಂದರು.

ವ್ಯಾನಿನಲ್ಲಿ ಕುಳಿತು ಒಂದು ಚೂರು ಬಾಯಿಗೆ ಹಾಕಿಕೊಂಡೆ. ಕಿಟಕಿ ಇಳಿಸಿ ಉಗಿದೆ.

ಸಂಜೆ ಊಟಕ್ಕೆ ಕೂತಾಗ ಐಲೀನ್ ನನ್ನ ಕೋಟನ್ನು ನೇತುಹಾಕಲು ಎತ್ತಿದಳು. ತಂತಿ ಜಾರಿ ನೆಲಕ್ಕೆ ಬಿತ್ತು.

"ಇದೇನಿದು, ಗುಜರಿನೆಲ್ಲ ಮನೆಗೆ ತರ್ತಿದ್ದೀಯ?"

ಹೇಳಿದೆ. ಒಂದೂ ಬಿಡದೆ ಹೇಳಿದೆ. ಆಲೂಗೆಡ್ಡೆ, ಕೊಚ್ಚಿದ ಮಾಂಸ ತಟ್ಟೆಯಲ್ಲಿ ಆರಿತು.

ಹೋಟೆಲಿನ ಆ ಸಂಜೆಯ ಕಥೆ ಅವಳ ಪ್ರಾಣ. ನಾನು ಒದ್ದೆ ಕೂದಲಲ್ಲಿ ಏದುಸಿರು ಬಿಡುತ್ತಾ ಹೋಟೆಲಿಗೆ ನುಗ್ಗಿದ್ದು, ಸರಿಯಾಗಿ ಆರಕ್ಕೆ, ಒಂದು ನಿಮಿಷವೂ ತಡವಿಲ್ಲದೆ. ಪ್ರತಿ ವರ್ಷ ಮಗಳ ಮುಂದೆ, ಈಗ ಮೊಮ್ಮಕ್ಕಳ ಮುಂದೆ ಅದನ್ನು ಹೇಳುತ್ತಾಳೆ.

"ಆ ಹೆಂಗಸಿಗೆ ಹೇಳಿದ್ಯಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ ನನಗ್ಯಾಕೆ ಹೇಳ್ತಿದ್ದೀಯ?"

"ಯಾರಿಗಾದ್ರೂ..."

"ಯಾರಿಗಾದ್ರೂ ಅಲ್ಲ ರಾನಿ. ನಾನೇನು ಚಳಿಯಲ್ಲಿ ಕೂತಿರ್ಲಿಲ್ಲ." ಎದ್ದು ತಟ್ಟೆಗಳನ್ನು ತೆಗೆದುಕೊಂಡು ಹೋದಳು. ಸಿಂಕಿನ ಮುಂದೆ ನನಗೆ ಬೆನ್ನು ಹಾಕಿ ಬಹಳ ಹೊತ್ತು ನಿಂತಿದ್ದಳು.

ಶನಿವಾರ ಬೆಳಗ್ಗೆ ಮತ್ತೆ ಹೋದೆ. ಸೆಂಗಾ ಬಾಗಿಲು ತೆರೆದವರೇ ನನ್ನ ಮುಖ ನೋಡಿ ಬಿಳುಚಿಕೊಂಡರು.

"ನಾನೇನೂ ಮುಟ್ಟಿಲ್ಲ ಮಗಾ. ದೇವರಾಣೆ. ಒರೆಸೋಕೂ ಹತ್ತಿರ ಹೋಗಿಲ್ಲ."

"ನೀವೇನೂ ಕೆಡಿಸಿಲ್ಲ, ಮಿಸೆಸ್ ರೆನ್ನಿ. ಅದನ್ನ ಹೇಳೋಕೇ ಬಂದೆ. ನೀವು ಯಾವತ್ತೂ ಏನೂ ಕೆಡಿಸಿಲ್ಲ."

ಒಳಗೆ ಮನೆ ಬೆಚ್ಚಗಿತ್ತು. ಅವರ ಮೈಮೇಲೆ ಅಂದೂ ಕೋಟಿತ್ತು. ಅಡುಗೆಮನೆಯ ಮೇಜಿನ ಮೇಲೆ ತಂತಿಯನ್ನೂ ಮುಚ್ಚಳವನ್ನೂ ಇಟ್ಟು ಹೇಳಿದೆ. ಸೆನ್ಸರ್ ಎಲ್ಲಿರಬೇಕಿತ್ತು, ಎಲ್ಲಿತ್ತು, ಇಟ್ಟವನು ಯಾರು, ಸೋಮವಾರ ಬಂದು ಮಾಡಿದರಾಯಿತೆಂದು ಬಿಟ್ಟದ್ದು. ಮೊನ್ನೆ ಕೇಳಿದಾಗ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಮುಚ್ಚಳವನ್ನು ಕನ್ನಡಕದ ಹತ್ತಿರ ಹಿಡಿದು ಅಕ್ಷರ ಓದಿದರು.

"ನೀನೇ."

"ನಾನೇ."

"ಜೆಸ್ಸಿ ಮನೇಲಿ?"

"ಅಲ್ಲೂ ನಾನೇ ಹಾಕಿದ್ದು. ಅದು ಸರಿಯಾಗಿತ್ತು. ಬೆಳಗ್ಗೆ ಹಾಕಿದ್ದು."

"ನಮ್ಮದು ಮಾತ್ರ ಯಾಕೆ ಹೀಗಾಯ್ತು?"

"ಅವತ್ತು ಅದು ಕಡೇ ಮನೆ."

ಅವರು ತಲೆಯಾಡಿಸುತ್ತಲೇ ಇದ್ದರು. ಆ ಉತ್ತರ ಅವರಿಗೆ ಎಲ್ಲಕ್ಕಿಂತ ಹೆಚ್ಚು ತಾಕಿತೆಂದು ಕಾಣುತ್ತದೆ. ದ್ವೇಷವಿದ್ದಿದ್ದರೆ, ದೊಡ್ಡ ಕಾರಣವೊಂದಿದ್ದಿದ್ದರೆ ಅವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಅಷ್ಟು ಅವಸರ ಏನಿತ್ತು ನಿನಗೆ?"

"ಒಬ್ಬಳನ್ನ ಮದುವೆ ಆಗ್ತೀಯಾ ಅಂತ ಕೇಳೋಕೆ ಹೋಗ್ಬೇಕಿತ್ತು."

"ಒಪ್ಪಿದ್ಲಾ?"

"ಒಪ್ಪಿದ್ಲು."

"ಏನು ಊಟ ಮಾಡಿದ್ರಿ?"

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ನೆನಪಿಲ್ಲವೆಂದು ಹೇಳಬಹುದಿತ್ತು. "ಮೀನು," ಎಂದೆ. "ಬೆಣ್ಣೆ ಸಾಸು ಹಾಕಿದ್ದು. ಆಮೇಲೆ ಐಸ್‌ಕ್ರೀಮು."

"ಐಸ್‌ಕ್ರೀಮು," ಎಂದರು ಸೆಂಗಾ. ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ಗಂಟಲಿನಿಂದ ಒಂದು ಸದ್ದು ಬಂತು. ಆಮೇಲೆ ಎದ್ದು ತಲೆಗೆ ಸ್ಕಾರ್ಫು ಕಟ್ಟಿಕೊಂಡರು. ಕೈಚೀಲ ತೆಗೆದುಕೊಂಡರು.

"ಏಳು. ವ್ಯಾನ್ ತಂದಿದ್ದೀಯಲ್ಲ?"

"ಎಲ್ಲಿಗೆ?"

"ನೆಟ್ಟಾ ಮನೆಗೆ. ನನಗೆ ಹೇಳಿದ್ದೆಲ್ಲ ಅಲ್ಲಿ ಹೇಳು. ಆ ತಂತಿ ತಗೋ. ಆ ಮುಚ್ಚಳಾನೂ ತಗೋ."

ದಾರಿಯುದ್ದಕ್ಕೂ ಅವರು ಎಡಕ್ಕೆ, ಬಲಕ್ಕೆ ಎಂದಷ್ಟೇ ಹೇಳಿದರು.

ನೆಟ್ಟಾಗೆ ಎಂಬತ್ತೆಂಟು. ಎತ್ತರದ ಹೆಂಗಸು. ಕೋಲೂರಿಕೊಂಡು ಬಂದು ಬಾಗಿಲು ತೆರೆದಳು. ಒಳಗೆ ಕಾಲಿಡುತ್ತಲೇ ನನ್ನ ಕನ್ನಡಕ ಮಂಜಾಯಿತು, ಅಷ್ಟು ಬಿಸಿ.

"ಫೋನೂ ಇಲ್ಲ ಏನೂ ಇಲ್ಲ, ಬಂದುಬಿಟ್ಯಲ್ಲೇ. ಯಾರಿವನು, ಹೊಸ ಗಂಡನಾ?"

"ಹೊಸ ಗಂಡ ಅಲ್ಲ, ಹಳೇ ಶನಿ," ಎಂದರು ಸೆಂಗಾ. ನಾನು ಕುರ್ಚಿಯ ಕಡೆ ನೋಡಿದ್ದನ್ನು ಕಂಡು, "ಕೂತ್ಕೋಬೇಡ. ನಿಂತೇ ಹೇಳು," ಎಂದರು.

ನಿಂತೇ ಹೇಳಿದೆ. ಎರಡನೆಯ ಸಲ ಹೇಳುವಾಗ ಸುಲಭವಾಗಬೇಕಿತ್ತು, ಆಗಲಿಲ್ಲ. ಸೆಂಗಾ ಮುಂದೆ ಹೇಳುವಾಗ ತಪ್ಪು ನನ್ನದು ಎಂಬುದೊಂದೇ ಇತ್ತು. ಇಲ್ಲಿ ಅದರ ಜೊತೆಗೆ, ಕಿಟಕಿಯ ಪಕ್ಕದಲ್ಲಿ ಹ್ಯೂಯಿಯ ಮಂಚ ಹಾಕಿದ್ದ ಜಾಗವೂ ಕಾಣುತ್ತಿತ್ತು. ನೆಲದ ಜಮಖಾನದ ಮೇಲೆ ಅದರ ನಾಲ್ಕು ಕಾಲುಗಳ ಕುಳಿ ಇನ್ನೂ ಇತ್ತು.

ನೆಟ್ಟಾ ಪೂರ್ತಿ ಕೇಳಿ ಸೆಂಗಾ ಕಡೆ ತಿರುಗಿದಳು. "ಇವನಿಗೆ ಏನು ತಿನ್ಸಿ ಕರ್ಕೊಂಡು ಬಂದೆ, ಹೀಗೆ ಹೇಳು ಅಂತ?"

"ಮುಚ್ಚಳ ತೋರಿಸು," ಎಂದರು ಸೆಂಗಾ.

ತೋರಿಸಿದೆ. ನೆಟ್ಟಾ ನೋಡಲಿಲ್ಲ. "ಪೆನ್ಸಿಲಲ್ಲಿ ಯಾರು ಬೇಕಾದ್ರೂ ಗೀಚಬಹುದು. ನಾನೇನು ಹುಟ್ಟಿಸ್ಕೊಂಡು ಹೇಳಿದ್ನಾ? ನಿನ್ನ ಗಂಡನೇ ಹೇಳ್ತಿದ್ದ. ಸೆಂಗಾಗೆ ಒಂದು ಗುಂಡಿ ತಿರುಗಿಸೋಕೂ ಬರಲ್ಲ ಅಂತ."

"ಹ್ಯೂಯಿ ಅವರಿಗೂ ಗೊತ್ತಿರ್ಲಿಲ್ಲ," ನಾನು ಹೇಳಿದೆ. "ಅವರೇ ತಿರುಗಿಸಿದ್ರೂ ಬಿಸಿ ಆಗ್ತಿರ್ಲಿಲ್ಲ. ನೀವು ತಿರುಗಿಸಿದ್ರೂ ಅಷ್ಟೇ. ಇವರದ್ದೇನೂ ತಪ್ಪಿಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಒಂದು ದಿನಾನೂ ಇವರ ತಪ್ಪಿರ್ಲಿಲ್ಲ."

ಸೆಂಗಾ ಕಣ್ಣು ಮುಚ್ಚಿಕೊಂಡು ಕೇಳಿದರು.

ನೆಟ್ಟಾ ಕೋಲಿನ ಹಿಡಿಯನ್ನು ತಿರುವುತ್ತಾ ನಿಂತಿದ್ದಳು. ಬೇರೆಯದೇ ದನಿಯಲ್ಲಿ ಕೇಳಿದಳು: "ಅಂದ್ರೆ ಆ ಚಳಿಗಾಲ... ಅವನು ಅಲ್ಲೇ ಇರಬಹುದಿತ್ತು?"

"ಇರಬಹುದಿತ್ತು," ಎಂದೆ.

ಆಕೆ ನಿಧಾನಕ್ಕೆ ಕುರ್ಚಿಯಲ್ಲಿ ಕುಳಿತಳು. "ನೀನು ಹೋದ್ಮೇಲೆ ದಿನಾ ಕೇಳ್ತಿದ್ದ," ಎಂದಳು.

"ಏನು ಕೇಳ್ತಿದ್ದ?" ಸೆಂಗಾ ಕಣ್ಣು ತೆರೆದರು.

"ಮನೆಗೆ ಯಾವಾಗ ಹೋಗೋದು, ಮನೆಗೆ ಯಾವಾಗ ಹೋಗೋದು. ಆ ಐಸ್ ಪೆಟ್ಟಿಗೆಗಾ, ಸುಮ್ನೆ ಬಿದ್ಕೋ ಅಂತ ಬೈದು ಮಲಗಿಸ್ತಿದ್ದೆ."

"ಅವನೇ ಇಲ್ಲಿರ್ತೀನಿ ಅಂದ ಅಂತ ನನಗೆ ಹೇಳಿದ್ಯಲ್ಲ ನೆಟ್ಟಾ."

ನೆಟ್ಟಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ನನ್ನ ಹತ್ರ ಇರೋಕೆ ಅವನಿಗೇ ಇಷ್ಟ ಇಲ್ಲ ಅಂತ ಹೇಳಿದ್ಯಲ್ಲ. ಹನ್ನೊಂದು ವರ್ಷ ಅದನ್ನೇ ನಂಬ್ಕೊಂಡು ಕೂತಿದ್ದೀನಲ್ಲೇ."

"ಅವನಿಗೆ ಒಳ್ಳೇದಾಗ್ಲಿ ಅಂತ ಹೇಳಿದೆ," ಎಂದಳು ನೆಟ್ಟಾ. ಆ ಎತ್ತರದ ಹೆಂಗಸು ಒಂದೇ ಸಲಕ್ಕೆ ಕುಗ್ಗಿಹೋದಂತೆ ಕಂಡಳು. ನಾನು ಇಬ್ಬರ ನಡುವೆ ತಂತಿ ಹಿಡಿದುಕೊಂಡು ನಿಂತಿದ್ದೆ. ಯಾರ ಮುಖವನ್ನೂ ನೋಡುವ ಯೋಗ್ಯತೆ ನನಗಿರಲಿಲ್ಲ. ನನ್ನ ಒಂದು ಗಂಟೆಯ ಸೋಮಾರಿತನ ಯಾರ್ಯಾರ ಬಾಯಿಗೆ ಏನೇನು ಸುಳ್ಳು ತಂದಿಟ್ಟಿತ್ತು!

"ನೀನು ಹೋಗು ಈಗ," ಎಂದರು ಸೆಂಗಾ ನನ್ನ ಕಡೆ ತಿರುಗದೆ.

"ನಿಮ್ಮನ್ನ ಮನೆಗೆ ಬಿಟ್ಟು..."

"ಬಸ್ಸಿದೆ. ನನಗೆ ದಾರಿ ಗೊತ್ತು. ಇನ್ನು ಮುಂದೆ ಏನಾದ್ರೂ ಕೆಟ್ರೆ ಬೇರೆ ಯಾರನ್ನಾದ್ರೂ ಕಳಿಸೋಕೆ ಹೇಳು. ನೀನು ಬರ್ಬೇಡ."

ಬಾಗಿಲು ಮುಚ್ಚಿಕೊಂಡು ಬಂದೆ. ಮೆಟ್ಟಿಲು ಇಳಿಯುವಾಗ ಎದೆ ಹಗುರಾಯಿತು. ಕೂಡಲೇ ಆ ಹಗುರಕ್ಕೂ ನಾಚಿಕೆಯಾಯಿತು. ಅವರಿಬ್ಬರೂ ಒಳಗೆ ಕುಳಿತಿದ್ದರು, ನಾನು ಹೊರಗೆ ನಡೆದು ಬಂದಿದ್ದೆ.

ಸೋಮವಾರ ಆಫೀಸಿನಲ್ಲಿ ಮ್ಯಾನೇಜರಿಗೂ ಹೇಳಿದೆ. ಅವಳಿಗೆ ಮೂವತ್ತೂ ಆಗಿರಲಿಲ್ಲ. "ನೀನು ಆಗ ಕೆಲಸ ಮಾಡ್ತಿದ್ದ ಕಂಪನಿ ಮುಚ್ಚಿ ಇಪ್ಪತ್ತು ವರ್ಷ ಆಯ್ತು ರಾನಿ. ಇದನ್ನ ನಾನು ಯಾವ ಫಾರಮ್ಮಿನಲ್ಲಿ ಬರೀಲಿ?" ಎಂದಳು. ಎಲ್ಲೂ ಬರೆಯಲಿಲ್ಲ. ಆ ವರ್ಷ ಫೆಬ್ರವರಿ ಹದಿನಾಲ್ಕನೆಯ ತಾರೀಖು ಐಲೀನ್ ಹೋಟೆಲಿನ ಕಥೆ ಹೇಳಲಿಲ್ಲ. ಮಗಳು ಫೋನಿನಲ್ಲಿ ಮಕ್ಕಳಿಗೆ ಹೇಳಮ್ಮ ಎಂದಾಗ, ಒಲೆ ಮೇಲೆ ಏನೋ ಇದೆ ಎಂದು ಫೋನಿಟ್ಟಳು.

ಆಫೀಸಿನವರು ಬರೆಯದಿದ್ದುದನ್ನು ಸೆಂಗಾ ಊರಿಗೆಲ್ಲ ಹೇಳಿದರು. ಹೇಳುವ ಹಕ್ಕು ಅವರದು. ಬೇಕರಿಯಲ್ಲಿ, ಚರ್ಚಿನಲ್ಲಿ, ಬಸ್ಸಿನಲ್ಲಿ, ನನ್ನ ಹೆಸರು ಹಿಡಿದೇ ಹೇಳಿದರು. ಏಪ್ರಿಲ್ ಹೊತ್ತಿಗೆ ನಾನು ಅಂಗಡಿಯ ಸಾಲಿನಲ್ಲಿ ನಿಂತರೆ ಜನ ತಿರುಗಿ ನೋಡುತ್ತಿದ್ದರು. ಮಾಂಸದಂಗಡಿಯವನು ಒಮ್ಮೆ ಎಲ್ಲರಿಗೂ ಕೇಳುವ ಹಾಗೆ, "ರಾನಿ, ಇವತ್ತು ಸಾಸೇಜು ಕೊಡ್ಲಾ, ಇಲ್ಲ ಸೋಮವಾರ ಬರ್ತೀಯಾ?" ಎಂದ. ಅಂಗಡಿ ನಕ್ಕಿತು. ನಾನು ಸಾಸೇಜು ತೆಗೆದುಕೊಂಡು ಬಂದೆ. ಸೆಂಗಾ ಮನೆಗೆ ತಪಾಸಣೆಗೆ ಹೋಗಿದ್ದ ನಮ್ಮ ಆಫೀಸಿನ ಹುಡುಗಿ ಒಬ್ಬಳು ಬಂದು ಹೇಳಿದಳು: ಸೆಂಗಾ ಹೀಟರಿನ ಮೇಲೆ ಕೈ ಇಡಲು ಯಾರನ್ನೂ ಬಿಡುವುದಿಲ್ಲ, ಎಲ್ಲ ಗುಂಡಿಯನ್ನೂ ತಾವೇ ಒತ್ತುತ್ತಾರೆ, ತಪ್ಪು ಒತ್ತಿದರೆ ಪುಸ್ತಕಕ್ಕೇ ಬೈಯುತ್ತಾರೆ. ನೆಟ್ಟಾ ಬರುತ್ತಾಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಮೇ ತಿಂಗಳಲ್ಲಿ ಅಂಚೆ ಕಚೇರಿಯ ಮುಂದೆ ಗುರುತಿಲ್ಲದ ಹೆಂಗಸೊಬ್ಬಳು ನನ್ನನ್ನು ತಡೆದಳು.

"ನೀನೇ ತಾನೆ, ತಂತೀನ ಬೀರುವಿನಲ್ಲಿ ಬಿಟ್ಟು ಹೋದೋನು?"

"ಹೌದು. ನಾನೇ."

"ನಮ್ಮ ಮನೇದೂ ನೀನೇ ಹಾಕಿದ್ದಂತೆ. ಎರಡನೇ ಕಟ್ಟಡ, ನಾಲ್ಕನೇ ಮಹಡಿ. ನಾವಿನ್ನೂ ತೆಗೆಸಿಲ್ಲ. ಅದು ಸರಿ ಇದ್ಯಾ?"

ಸರಿ ಇದೆ ಎಂದೇ ನನ್ನ ನೆನಪು. ಆದರೆ ಆ ನೆನಪಿನ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ. "ಬಂದು ನೋಡ್ತೀನಿ," ಎಂದೆ.

ಅಂದೇ ಹೋದೆ. ಬೀರುವಿನಲ್ಲಿ ತಂತಿ ಹಿಡಿದು ಹೊರಗೋಡೆಯವರೆಗೂ ಬೆರಳಾಡಿಸಿದೆ. ಕಿಟಕಿ ತೆರೆದು ಸೊಂಟದವರೆಗೆ ಹೊರಗೆ ಬಗ್ಗಿದೆ. ಸೆನ್ಸರ್ ಇರಬೇಕಾದ ಕಡೆಯೇ ಇತ್ತು. ಮೇಲೆ ಎರಡು ಪದರ ಸುಣ್ಣ ಬಳಿದಿದ್ದರು.

"ಸರಿ ಇದೆ," ಎಂದೆ.

"ಹಾಗಾದ್ರೆ ಸರಿ," ಎಂದಳು ಆಕೆ. ಚಹಾ ಕುಡಿಯುತ್ತೀಯಾ ಎಂದು ಕೇಳಲಿಲ್ಲ. ನನ್ನ ಹಿಂದೆ ಬಾಗಿಲು ಮುಚ್ಚಿತು. ಅದೇ ಮಹಡಿಯ ಎದುರು ಮನೆಯಲ್ಲೂ ಹಿಂದೆ ಕೆಲಸ ಮಾಡಿದ್ದೆ. ಹೋಗಿ ಗಂಟೆ ಒತ್ತಿದೆ.